‘ಬೈಕಿನಿಂದ ಬಿದ್ದಾರ್ರೀ’ ಎಂಬ ಒಂದು ಮಾತು ಮತ್ತು ಮೂರು ವರ್ಷದ ಪರಿಹಾರ ಪ್ರಕರಣ

ನಾನು ಗದುಗಿನ ಒಂದು ಮುದ್ರಣಾಲಯದಲ್ಲಿ ಹದಿನಾರು ವರ್ಷ ಆಫ್‌ಸೆಟ್ ಯಂತ್ರ ನಡೆಸಿದವನು. ಈಗ ಅದೇ ಮುದ್ರಣಾಲಯದಲ್ಲಿ ಕುರ್ಚಿಯ ಮೇಲೆ ಕುಳಿತು ಕರಡು ತಿದ್ದುತ್ತೇನೆ. ಈ ಎರಡು ಕೆಲಸಗಳ ನಡುವೆ 2022ರ ನವೆಂಬರ್ ತಿಂಗಳ ಒಂದು ಸಂಜೆ, ಎರಡು ಶಸ್ತ್ರಚಿಕಿತ್ಸೆ, ಗದುಗಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮೂವತ್ತಕ್ಕೂ ಹೆಚ್ಚು ವಾಯಿದೆಗಳು ಮತ್ತು ಧಾರವಾಡದ ಹೈಕೋರ್ಟ್ ಪೀಠದಲ್ಲಿ ಒಂದು ಮೇಲ್ಮನವಿ ಇವೆ. ಕೊನೆಯ ಕಂತಿನ ಹಣ ಖಾತೆಗೆ ಬಂದು ಇನ್ನೂ ಒಂದು ತಿಂಗಳಾಗಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಕುಳಿತು ಮುಂದೇನು ಎಂದು ತಿಳಿಯದ ಮನೆಯವರಿಗೆ ಉಪಯೋಗವಾದೀತೆಂದು, ನೆನಪು ಮಾಸುವ ಮೊದಲೇ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಅಂದು ಯಂತ್ರದ ಬಿಡಿಭಾಗ ತರಲು ಹುಬ್ಬಳ್ಳಿಗೆ ಹೋಗಿದ್ದೆ. ಮರಳುವಾಗ ಅಣ್ಣಿಗೇರಿ ಇನ್ನೂ ನಾಲ್ಕೈದು ಕಿಲೋಮೀಟರ್ ಇರುವಂತೆ, ಎದುರಿನಿಂದ ಬಂದ ಸಣ್ಣ ಸರಕು ವಾಹನವೊಂದು ಹತ್ತಿ ತುಂಬಿದ ಟ್ರ್ಯಾಕ್ಟರನ್ನು ಹಿಂದಿಕ್ಕಲು ಹೋಗಿ ನನ್ನ ಬದಿಗೆ ನುಗ್ಗಿತು. ಹೆಲ್ಮೆಟ್ ಇದ್ದುದರಿಂದ ತಲೆಗೆ ಪೆಟ್ಟಾಗಲಿಲ್ಲ. ಎಡಗಾಲಿನ ಮೊಣಕಾಲ ಕೆಳಗಿನ ಎಲುಬು ಎರಡು ಕಡೆ ಮುರಿದು ಚರ್ಮ ಸೀಳಿಕೊಂಡು ಹೊರಗೆ ಬಂದಿತ್ತು. ಹೊಲದಿಂದ ಓಡಿ ಬಂದ ರೈತರೊಬ್ಬರು ತಮ್ಮ ಟವೆಲಿನಿಂದ ಕಾಲು ಕಟ್ಟಿ, 108ಕ್ಕೆ ಕರೆ ಮಾಡಿ, ನನ್ನ ಮೊಬೈಲಿನ ಪರದೆ ಒಡೆದಿದ್ದರಿಂದ ತಮ್ಮ ಫೋನಿನಿಂದಲೇ ನನ್ನ ಹೆಂಡತಿಗೆ ಸುದ್ದಿ ತಿಳಿಸಿ, ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಯವರೆಗೂ ನನ್ನೊಂದಿಗೆ ಬಂದರು. ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು ಏನಾಯಿತೆಂದು ಕೇಳಿದಾಗ ಅವರು ಅವಸರದಲ್ಲಿ ಹೇಳಿದ್ದು ಒಂದೇ ಮಾತು: “ಬೈಕಿನಿಂದ ಬಿದ್ದಾರ್ರೀ, ಲಗೂನ ನೋಡ್ರಿ.” ದಾಖಲೆಯ ಮೊದಲ ಪುಟದಲ್ಲಿ ಆ ಮಾತು ಹಾಗೆಯೇ ಕುಳಿತುಕೊಂಡಿತು: ಬೈಕಿನಿಂದ ಬಿದ್ದು ಗಾಯ. ಡಿಕ್ಕಿ ಕೊಟ್ಟ ವಾಹನದ ಸುಳಿವೇ ಅಲ್ಲಿರಲಿಲ್ಲ. ಈ ಸಾಲು ನಮ್ಮ ಪ್ರಕರಣವನ್ನು ಹೆಚ್ಚುಕಡಿಮೆ ಒಂದು ವರ್ಷ ಎಳೆಯುತ್ತದೆಂದು ಆ ಹೊತ್ತಿನಲ್ಲಿ ಯಾರಿಗೆ ಗೊತ್ತಿತ್ತು?

ಆದ್ದರಿಂದ ಓದುವವರಿಗೆ ನನ್ನ ಮೊದಲ ಮಾತು ಇಷ್ಟೇ. ಗಾಯಾಳುವನ್ನು ಒಳಗೆ ಒಯ್ದ ಮೇಲೆ ಮನೆಯವರಲ್ಲಿ ಒಬ್ಬರು ಆಸ್ಪತ್ರೆಯ ದಾಖಲೆಯಲ್ಲಿ ಅಪಘಾತದ ಕಾರಣ ಹೇಗೆ ಬರೆದಿದೆ ಎಂಬುದನ್ನು ಅಂದೇ ನೋಡಬೇಕು. ಯಾವ ವಾಹನ, ಎಲ್ಲಿ, ಎಷ್ಟು ಹೊತ್ತಿಗೆ ಡಿಕ್ಕಿ ಕೊಟ್ಟಿತು ಎಂಬುದು ಅದರಲ್ಲಿ ಇರದಿದ್ದರೆ ಕೂಡಲೇ ವೈದ್ಯರಿಗೆ ತಿಳಿಸಿ ಬರೆಯಿಸಬೇಕು, ಮತ್ತು ಆಸ್ಪತ್ರೆಯಿಂದ ಪೊಲೀಸರಿಗೆ ಎಂಎಲ್‌ಸಿ (ಪೊಲೀಸ್ ತನಿಖೆ ಬೇಕಾಗುವ ಗಾಯದ ಪ್ರಕರಣ) ಮಾಹಿತಿ ಹೋಗಿದೆಯೇ ಎಂದು ಕೇಳಿಕೊಳ್ಳಬೇಕು. ನಮ್ಮ ಮನೆಯಲ್ಲಿ ಆ ರಾತ್ರಿ ಎಲ್ಲರ ಚಿಂತೆಯೂ ಮುಂಗಡ ಕಟ್ಟುವ ಎಪ್ಪತ್ತು ಸಾವಿರ ರೂಪಾಯಿಯದಾಗಿತ್ತು. ಈಗ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ 2025ರಿಂದ ಜಾರಿಯಲ್ಲಿದೆ. ನಮ್ಮ ಕಾಲಕ್ಕೆ ಅದಿರಲಿಲ್ಲ. ಹೆಂಡತಿಯ ಬಳೆಗಳು ಅಡವಿಗೆ ಹೋದವು.

ಪೊಲೀಸ್ ದೂರು ದಾಖಲಾದದ್ದು ಮೂರನೆಯ ದಿನ, ನನ್ನ ಮೈದುನ ಹೋಗಿ ಕೊಟ್ಟ ಮೇಲೆ. ಆ ಮೂರು ದಿನಗಳ ವಿಳಂಬವನ್ನೂ ಮುಂದೆ ಆ ಸರಕು ವಾಹನದ ವಿಮಾ ಕಂಪನಿಯ ವಕೀಲರು ಎತ್ತಿ ಹಿಡಿದರು. ಕರಡು ತಿದ್ದುವ ಅಭ್ಯಾಸ ಆಗಲೇ ಇದ್ದಿದ್ದರೆ ಎಫ್‌ಐಆರ್‌ನಲ್ಲಿ ನನ್ನ ಹೆಸರಿನ ಕೊನೆಯ ‘ಪ್ಪ’ ಬಿಟ್ಟುಹೋಗಿದ್ದನ್ನು, ತಂದೆಯ ಹೆಸರಿಗೆ ಬೇರೊಂದು ಒತ್ತಕ್ಷರ ಸೇರಿದ್ದನ್ನು ಅಲ್ಲಿಯೇ ಗುರುತಿಸುತ್ತಿದ್ದೆ. ಆಧಾರ್‌ನಲ್ಲಿ ಒಂದು ಹೆಸರು, ಎಫ್‌ಐಆರ್‌ನಲ್ಲಿ ಇನ್ನೊಂದು, ಗಾಯದ ಪ್ರಮಾಣಪತ್ರದಲ್ಲಿ ಮತ್ತೊಂದು. ಮೂವರೂ ಒಬ್ಬನೇ ಎಂದು ಕೊನೆಗೆ ಪ್ರಮಾಣ ಮಾಡಿ ಬರೆದುಕೊಡಬೇಕಾಯಿತು.

ಶಸ್ತ್ರಚಿಕಿತ್ಸೆಯ ಮರುದಿನ, ಇನ್ನೂ ಮಂಪರು ಇಳಿಯುವ ಮೊದಲೇ, ಹಾಸಿಗೆಯ ಬಳಿ ಒಬ್ಬ ಅಪರಿಚಿತರು ಕುಳಿತಿದ್ದರು. “ನೀವು ಏನೂ ಖರ್ಚ ಮಾಡೂದು ಬ್ಯಾಡ, ಎಲ್ಲಾ ನಾವ ನೋಡ್ಕೋತೀವಿ, ಬಂದದ್ದರಾಗ ನಾಕಾಣೆ ನಮಗ” ಎಂದು ಹೇಳಿ ಖಾಲಿ ವಕಾಲತ್ತು ಹಾಳೆಯನ್ನು ಮುಂದೆ ಹಿಡಿದರು. ನನ್ನ ಹೆಂಡತಿ ಅವರನ್ನು ಎಬ್ಬಿಸಿ ಕಳಿಸಿದಳು. ಅವಳಿಗೆ ಕಾನೂನು ತಿಳಿದಿರಲಿಲ್ಲ. ಖಾಲಿ ಹಾಳೆಗೆ ಸಹಿ ಮಾಡಬಾರದೆಂಬುದು ಮಾತ್ರ ಗೊತ್ತಿತ್ತು. ಬಂದ ಪರಿಹಾರದಲ್ಲಿ ಪಾಲು ಎಂದು ಶುಲ್ಕ ಗೊತ್ತುಮಾಡುವುದನ್ನೂ, ಹೀಗೆ ಮಧ್ಯವರ್ತಿಗಳ ಮೂಲಕ ಕೇಸು ಹುಡುಕುವುದನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಅದೇ ವಾರ ವಾಹನದ ಮಾಲೀಕರ ಕಡೆಯವರೂ ಇಪ್ಪತ್ತು ಸಾವಿರ ರೂಪಾಯಿ ಮತ್ತು ರಾಜಿಯ ಕಾಗದದೊಂದಿಗೆ ಬಂದಿದ್ದರು. ಹಣದ ಅಡಚಣೆ ಎಷ್ಟಿತ್ತೆಂದರೆ ನಾನು ಪೆನ್ನು ಕೇಳಿಯೂ ಇದ್ದೆ.

ಮನೆಗೆ ಬಂದ ಮೇಲೆ ಮೂವರು ವಕೀಲರನ್ನು ನೋಡಿದೆವು. ಇಬ್ಬರು ನನ್ನ ಎಕ್ಸ್‌ರೇ ನೋಡಿ ಎಷ್ಟು ಲಕ್ಷ ಬರಬಹುದೆಂದು ಹೇಳಿದರು. ಮೂರನೆಯವರು ತೀವ್ರ ಗಾಯದ ಪರಿಹಾರ ಪ್ರಕರಣಗಳನ್ನೇ ಹೆಚ್ಚಾಗಿ ನಡೆಸುವ ಮಹಿಳೆ. ಅವರು ಎಕ್ಸ್‌ರೇಯನ್ನು ಬದಿಗಿಟ್ಟು ಕೇಳಿದರು: “ಮಷೀನ್ ಮುಂದ ದಿನಕ್ಕ ಎಷ್ಟ ತಾಸ ನಿಲ್ತಿದ್ರಿ? ಕಾಗದದ ರೀಮ್ ಯಾರ ಎತ್ತಿಡ್ತಿದ್ರು? ರಾತ್ರಿ ಪಾಳಿ ಇತ್ತೇನ್ರಿ?” ನನ್ನ ಕಾಲಿನ ಬಗ್ಗೆ ಕೇಳುವ ಮೊದಲು ನನ್ನ ಕೆಲಸದ ಬಗ್ಗೆ ಕೇಳಿದವರು ಅವರೊಬ್ಬರೇ. ಅವರನ್ನೇ ಒಪ್ಪಿಕೊಂಡೆವು. ಶುಲ್ಕ ನಲವತ್ತು ಸಾವಿರ ರೂಪಾಯಿ, ನಾಲ್ಕು ಹಂತಗಳಲ್ಲಿ. ಪ್ರತಿ ಹಂತಕ್ಕೂ ರಸೀದಿ ಕೊಟ್ಟರು. ಅಷ್ಟೂ ಆಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ನಿಗದಿತ ಮಿತಿಗಿಂತ ಕಡಿಮೆ ಆದಾಯದವರಿಗೆ ಅಲ್ಲಿ ಉಚಿತವಾಗಿ ವಕೀಲರು ದೊರೆಯುತ್ತಾರೆ.

ಅಪಘಾತ ನಡೆದದ್ದು ಧಾರವಾಡ ಜಿಲ್ಲೆಯ ಗಡಿಯೊಳಗೆ. ಆದ್ದರಿಂದ ಕೇಸನ್ನು ಅಲ್ಲಿಯೇ ಹಾಕಬೇಕು ಎಂದು ನಾವು ಭಾವಿಸಿದ್ದೆವು. ಮೋಟಾರು ವಾಹನ ಕಾಯ್ದೆ 1988ರ 166ನೆಯ ಕಲಮಿನ ಪ್ರಕಾರ ಅರ್ಜಿದಾರ ವಾಸಿಸುವ ಊರಿನ ನ್ಯಾಯಮಂಡಳಿಯಲ್ಲಿಯೂ ಅರ್ಜಿ ಹಾಕಬಹುದೆಂದು ವಕೀಲರು ತಿಳಿಸಿದರು. ಕಾಲು ಊರಲಾಗದವನಿಗೆ ಇದು ಸಣ್ಣ ಅನುಕೂಲವಲ್ಲ. ಇನ್ನೊಂದು ಮುಖ್ಯ ವಿಷಯ ಕಾಲಮಿತಿ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ಆದರೆ ಆ ಭರವಸೆಯ ಮೇಲೆ ಯಾರೂ ಕೈಕಟ್ಟಿ ಕೂರಬಾರದು. ನಮ್ಮ ಅರ್ಜಿ ದಾಖಲಾದಾಗ ಇನ್ನು ಮೂರು ವಾರ ಮಾತ್ರ ಉಳಿದಿತ್ತು. ತಡವಾದದ್ದು ಕಾಗದಗಳಿಗಾಗಿ. ಎಫ್‌ಐಆರ್, ದೂರು, ಸ್ಥಳ ಪಂಚನಾಮೆ, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ಚಾರ್ಜ್‌ಶೀಟ್ ಇಷ್ಟೂ ಬೇಕು. ತನಿಖಾಧಿಕಾರಿಯು ಅಪಘಾತದ ಮೊದಲ ವರದಿಯನ್ನು 48 ಗಂಟೆಗಳಲ್ಲಿ, ವಿವರವಾದ ವರದಿಯನ್ನು 90 ದಿನಗಳಲ್ಲಿ ಸಲ್ಲಿಸಬೇಕೆಂದು 2022ರ ನಿಯಮಗಳು ಹೇಳುತ್ತವೆ. ನಿಯಮ ಹೇಳುವುದು ಬೇರೆ, ಠಾಣೆಯಲ್ಲಿ “ಸಾಹೇಬ್ರು ಬಂದೋಬಸ್ತ್‌ಗೆ ಹೋಗ್ಯಾರ, ಸೋಮವಾರ ಬರ್ರಿ” ಎನ್ನುವುದು ಬೇರೆ. ನನ್ನ ಮೈದುನ ಒಂಬತ್ತು ಸೋಮವಾರ ಹೋದ.

ಆಸ್ಪತ್ರೆಯ ಬಿಲ್ಲುಗಳ ವಿಷಯದಲ್ಲಿ ನಾವೇ ತಪ್ಪಿದೆವು. ದೊಡ್ಡ ಬಿಲ್ಲುಗಳೆಲ್ಲ ಇದ್ದವು; ಹೊರಗಿನ ಅಂಗಡಿಯಿಂದ ತಂದ ಔಷಧಿ, ಬಾಡಿಗೆ ಗಾಡಿ, ಡ್ರೆಸ್ಸಿಂಗ್ ಮಾಡಲು ಮನೆಗೆ ಬರುತ್ತಿದ್ದವರಿಗೆ ಕೊಟ್ಟ ಹಣ ಇವಕ್ಕೆ ಚೀಟಿಯಿಲ್ಲ. ಸುಮಾರು ಮೂವತ್ತು ಸಾವಿರ ರೂಪಾಯಿ ಹೀಗೆ ಹೋಯಿತು. ಬಿಲ್ಲಿನ ಜೊತೆಗೆ ವೈದ್ಯರ ಔಷಧಿ ಚೀಟಿಯೂ ಇರಬೇಕು. ಚೀಟಿಯಿಲ್ಲದ ಬಿಲ್ಲನ್ನು ಎದುರು ಪಕ್ಷದವರು ಒಪ್ಪುವುದಿಲ್ಲ. ಹಳೆಯ ಬಿಸ್ಕೆಟ್ ಡಬ್ಬಿಯೊಂದರಲ್ಲಿ ದಿನಾಂಕದ ಪ್ರಕಾರ ಹಾಕಿಟ್ಟರೂ ಸಾಕಿತ್ತು.

ಅರ್ಜಿ ದಾಖಲಾದ ಮೇಲೆ ಸುಮಾರು ಒಂದು ವರ್ಷದ ಬಗ್ಗೆ ಹೇಳಲು ಹೆಚ್ಚಿಲ್ಲ. ನೋಟಿಸ್ ಜಾರಿಯಾಗಲಿಲ್ಲ, ವಾಹನ ಮಾಲೀಕರು ವಿಳಾಸ ಬದಲಿಸಿದ್ದರು, ವಿಮಾ ಕಂಪನಿ ತಕರಾರು ಸಲ್ಲಿಸಲು ಸಮಯ ಕೇಳಿತು. ಪ್ರತಿ ವಾಯಿದೆಗೂ ನಾನು ಹೋಗುವ ಅಗತ್ಯವಿರಲಿಲ್ಲ ಎಂದು ನಂತರ ತಿಳಿಯಿತು. ಪ್ರಕರಣದ ಹದಿನಾರು ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಇದ್ದರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಮುಂದಿನ ದಿನಾಂಕ ಮನೆಯಲ್ಲೇ ಸಿಗುತ್ತದೆ. ಅದು ತಿಳಿಯುವ ಮೊದಲು ಊರುಗೋಲು ಹಿಡಿದು ಏಳು ಬಾರಿ ಸುಮ್ಮನೆ ಹೋಗಿ ಬಂದಿದ್ದೆ.

ತಕರಾರು ಬಂದಾಗ ಅದರ ಎದೆಯೇ ಆಸ್ಪತ್ರೆಯ ಆ ಒಂದು ಸಾಲಾಗಿತ್ತು. ಅರ್ಜಿದಾರ ತಾನಾಗಿಯೇ ಬೈಕಿನಿಂದ ಬಿದ್ದಿದ್ದಾನೆ, ಪರಿಹಾರಕ್ಕಾಗಿ ಮೂರು ದಿನಗಳ ನಂತರ ವಿಮೆಯಿರುವ ವಾಹನವೊಂದನ್ನು ಪ್ರಕರಣಕ್ಕೆ ಎಳೆದು ತಂದಿದ್ದಾನೆ ಎಂದು ಅವರು ಬರೆದಿದ್ದರು. ಓದಿದಾಗ ನನಗೆ ಕೋಪಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಓಣಿಯವರೂ ಹಾಗೆಯೇ ತಿಳಿದುಕೊಂಡಾರೆಂಬ ಭಯ. ಹೀಗೆ ವಾಹನಗಳನ್ನು ಸುಳ್ಳಾಗಿ ಸೇರಿಸಿದ ಪ್ರಕರಣಗಳು ನಿಜವಾಗಿಯೂ ಇವೆ, ಆದ್ದರಿಂದಲೇ ನ್ಯಾಯಮಂಡಳಿ ಇದನ್ನು ಹಗುರವಾಗಿ ಬಿಡುವುದಿಲ್ಲ ಎಂದು ವಕೀಲರು ಸಮಾಧಾನದಿಂದ ವಿವರಿಸಿದರು. ನಂತರ ಕೇಳಿದರು: “ದವಾಖಾನಿಗೆ ಕರ್ಕೊಂಡ ಬಂದವರು ಯಾರು? ಅವರನ್ನ ಹುಡುಕ್ರಿ.”

ಅವರ ಹೆಸರು ನಮಗೆ ಗೊತ್ತಿರಲಿಲ್ಲ. ಆದರೆ ಅಂದು ಸಂಜೆ ಬಂದ ಕರೆಯ ಸಂಖ್ಯೆಯನ್ನು ನನ್ನ ಹೆಂಡತಿ ‘ಅಣ್ಣಿಗೇರಿ ಅಣ್ಣ’ ಎಂದು ಉಳಿಸಿಕೊಂಡಿದ್ದಳು, ಎಂದಾದರೂ ಮನೆಗೆ ಊಟಕ್ಕೆ ಕರೆಯಬೇಕೆಂದು. ಕೋರ್ಟಿಗೆ ಬರಬೇಕೆಂದಾಗ ಅವರು ಹಿಂಜರಿದರು. ಗಾಯಾಳುವಿಗೆ ನೆರವಾದವರನ್ನು ಪೊಲೀಸರು ಸಾಕ್ಷಿಯಾಗೆಂದು ಒತ್ತಾಯಿಸುವಂತಿಲ್ಲ ಎಂಬ ರಕ್ಷಣೆ ಕಾನೂನಿನಲ್ಲಿದೆ, ನಾವೂ ಒತ್ತಾಯಿಸಲಿಲ್ಲ. ಎರಡು ವಾರದ ನಂತರ ಅವರೇ ಕರೆ ಮಾಡಿ ಕಡಲೆ ರಾಶಿ ಮುಗಿದ ಮೇಲೆ ಬರುವುದಾಗಿ ತಿಳಿಸಿದರು. 2024ರ ಮಾರ್ಚ್ ತಿಂಗಳಲ್ಲಿ ಬಂದರು, ಮೊದಲ ದಿನ ನ್ಯಾಯಾಧೀಶರು ರಜೆಯಲ್ಲಿದ್ದರು, ಮತ್ತೆ ಏಪ್ರಿಲ್‌ನಲ್ಲಿ ಬಂದರು. ಪಾಟೀಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಆ ಸಾಲನ್ನು ಓದಿ, ಇದು ನೀವೇ ಹೇಳಿದ್ದಲ್ಲವೇ ಎಂದು ಕೇಳಿದಾಗ ಅವರು ಕೊಟ್ಟ ಉತ್ತರ ನನಗೆ ಇಂದಿಗೂ ಕಂಠಪಾಠ: “ನಾನ ಅಂದಿದ್ದು ಖರೆ ಐತ್ರಿ. ಗಾಡಿ ಬಡದ ಮ್ಯಾಲೆ ಬೈಕಿನಿಂದನ ಬಿದ್ದಾರಲ್ರಿ. ರಕ್ತ ಸುರಿಯಾಕತ್ತಿತ್ತು, ಕತಿ ಹೇಳ್ಕೋತ ನಿಂದ್ರಾಕ ಆಗ್ತಿತ್ತೇನ್ರಿ?” ಬೆರಳಚ್ಚುಗಾರರು ಅದನ್ನು ಗ್ರಾಂಥಿಕ ಕನ್ನಡಕ್ಕೆ ತಿರುಗಿಸುವಾಗ ‘ಕತಿ’ ಬಿಟ್ಟುಹೋಯಿತು. ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಆ ವಾಹನದ ಬಲಬದಿಯ ಮುಂಭಾಗ ಜಖಂಗೊಂಡಿದ್ದು ದಾಖಲಾಗಿತ್ತು. ಇವೆರಡೂ ಸೇರಿ ಆ ಸಾಲಿನ ಬಲ ಮುರಿದವು.

ಎರಡನೆಯ ತೊಡಕು ವೈದ್ಯರ ಸಾಕ್ಷ್ಯ. ಅಂಗವೈಕಲ್ಯವನ್ನು ಅಳೆದ ಮೂಳೆ ತಜ್ಞರು ಸಾಕ್ಷ್ಯ ನುಡಿಯಲು ಬರಬೇಕು. ಅವರ ಶಸ್ತ್ರಚಿಕಿತ್ಸೆಗಳ ನಡುವೆ ನ್ಯಾಯಾಲಯದ ದಿನ ಹೊಂದಿಸಲು ಐದು ತಿಂಗಳು ಹಿಡಿಯಿತು. ಅವರ ಪ್ರಕಾರ ಎಡಗಾಲಿನ ಮಟ್ಟಿಗೆ ಶೇ. 42, ಇಡೀ ದೇಹಕ್ಕೆ ಅದರ ಮೂರನೆಯ ಒಂದು ಭಾಗ, ಅಂದರೆ ಶೇ. 14. ಇಲ್ಲಿ ನಮ್ಮ ವಕೀಲರ ಮೊದಲ ದಿನದ ಪ್ರಶ್ನೆಗಳ ಅರ್ಥ ನನಗೆ ಹೊಳೆಯಿತು. ದೇಹದ ವೈಕಲ್ಯದ ಪ್ರಮಾಣ ಬೇರೆ, ದುಡಿಮೆಯ ಶಕ್ತಿ ಕಳೆದುಕೊಂಡ ಪ್ರಮಾಣ ಬೇರೆ. ಒಂದನ್ನು ಇನ್ನೊಂದೆಂದು ಯಾಂತ್ರಿಕವಾಗಿ ಬರೆದುಕೊಳ್ಳಬಾರದು, ಗಾಯಾಳು ಮಾಡುತ್ತಿದ್ದ ಕೆಲಸವನ್ನು ನೋಡಬೇಕು ಎಂದು ಸುಪ್ರೀಂ ಕೋರ್ಟ್ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅದೇ ಕಾಲು ಮುರಿದರೆ ಕುಳಿತು ಲೆಕ್ಕ ಬರೆಯುವವರಿಗೆ ಆಗುವ ನಷ್ಟವೂ, ದಿನಕ್ಕೆ ಹತ್ತು ತಾಸು ಯಂತ್ರದ ಮುಂದೆ ನಿಲ್ಲುವವನಿಗೆ ಆಗುವ ನಷ್ಟವೂ ಒಂದೇ ಆಗಲಾರದು.

ಆದರೆ ನಾನು ಈಗಲೂ ಅದೇ ಮುದ್ರಣಾಲಯದಲ್ಲಿ ಇದ್ದೇನಲ್ಲ? ಎದುರು ವಕೀಲರು ಕೇಳಿದ್ದೂ ಅದನ್ನೇ. ಹೌದು ಎಂದೆ. ನಮ್ಮ ವಕೀಲರು ಮೊದಲೇ ಎಚ್ಚರಿಸಿದ್ದರು: ಇದ್ದದ್ದನ್ನು ಇದ್ದಂತೆ ಹೇಳಬೇಕು, ಯಾವ ಕೆಲಸಕ್ಕೆ ಎಷ್ಟು ಸಂಬಳ ಎಂಬುದನ್ನೂ ಸೇರಿಸಿ ಹೇಳಬೇಕು. ಆಗ 19,000 ರೂಪಾಯಿ, ಈಗ 11,000 ರೂಪಾಯಿ. ಕಷ್ಟ ಬಂದದ್ದು ಆ 19,000 ರೂಪಾಯಿಯನ್ನು ಸಾಬೀತು ಮಾಡುವುದರಲ್ಲಿ. ಹದಿನಾರು ಸಾವಿರ ಬ್ಯಾಂಕಿನ ಮೂಲಕ ಬರುತ್ತಿತ್ತು, ಹೆಚ್ಚುವರಿ ಪಾಳಿಯ ಮೂರು ಸಾವಿರ ಕೈಗೆ. ಮಾಲೀಕರು ಸಂಬಳದ ಪತ್ರ ಕೊಟ್ಟರು, ಸಾಕ್ಷ್ಯಕ್ಕೆ ಮಾತ್ರ ಬರಲಿಲ್ಲ. ವೇತನದ ಪುಸ್ತಕ ಕೇಳಿಯಾರೆಂಬ ಅಂಜಿಕೆ ಅವರಿಗಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ, ಕೆಲಸ ಕೊಟ್ಟು ಇಟ್ಟುಕೊಂಡವರೂ ಅವರೇ. ಪಾಸ್‌ಬುಕ್ಕಿನಲ್ಲಿದ್ದ 16,000 ರೂಪಾಯಿಯನ್ನೇ ನ್ಯಾಯಮಂಡಳಿ ಹಿಡಿಯಿತು. ಇನ್ನಾದರೂ ಸಂಬಳವನ್ನು ಪೂರ್ತಿ ಖಾತೆಗೇ ಹಾಕಿರೆಂದು ಕೇಳಿಕೊಳ್ಳಿ.

ಮೂರನೆಯದು ಚಾಲಕನ ಪರವಾನಗಿ. ಅದು ಲಘು ಮೋಟಾರು ವಾಹನದ್ದು, ಸರಕು ವಾಹನಕ್ಕೆ ಬೇರೆ ಅನುಮತಿ ಬೇಕಿತ್ತು, ಆದ್ದರಿಂದ ಪರಿಹಾರ ಕೊಡುವ ಹೊಣೆ ತನ್ನದಲ್ಲ ಎಂದು ಕಂಪನಿ ವಾದಿಸುತ್ತಿತ್ತು. ಅದು ಗೆದ್ದಿದ್ದರೆ ನಾವು ಹಣಕ್ಕಾಗಿ ವಾಹನ ಮಾಲೀಕರ ಹಿಂದೆ ಅಲೆಯಬೇಕಾಗುತ್ತಿತ್ತು. ಇಲ್ಲಿ ಕಾಲವೇ ನಮ್ಮ ಕಡೆಗಿತ್ತು: 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಲಘು ವಾಹನದ ಪರವಾನಗಿ ಉಳ್ಳವರು 7,500 ಕೆ.ಜಿ.ವರೆಗಿನ ಸಾರಿಗೆ ವಾಹನ ನಡೆಸಬಹುದೆಂದು ತೀರ್ಪು ಕೊಟ್ಟಿತು. ನಮ್ಮ ವಾದ ನಡೆದದ್ದು ಡಿಸೆಂಬರಿನಲ್ಲಿ. ವಿಳಂಬದಿಂದ ನನಗೆ ಲಾಭವಾದದ್ದು ಇದೊಂದೇ ಬಾರಿ.

ಇದರ ನಡುವೆ ಲೋಕ ಅದಾಲತ್ತಿನಲ್ಲಿ ಕಂಪನಿ ಐದೂವರೆ ಲಕ್ಷಕ್ಕೆ ಮುಗಿಸೋಣವೆಂದಿತ್ತು. ಸಾಲ ಕೊಟ್ಟವರು ಮನೆಗೆ ಬರುತ್ತಿದ್ದ ದಿನಗಳವು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಲೋಕ ಅದಾಲತ್ತಿನಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ, ಆದರೆ ಹಣ ಬೇಗ ಬರುತ್ತದೆ. ವಕೀಲರು ಎರಡೂ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟು ನಿರ್ಧಾರ ನಮಗೇ ಬಿಟ್ಟರು. ಬೇಡ ಎಂದವಳು ನನ್ನ ಹೆಂಡತಿ. ಎಲ್ಲರೂ ಹಾಗೆ ಮಾಡಬೇಕೆಂದು ನಾನು ಹೇಳಲಾರೆ.

2025ರ ಜನವರಿಯಲ್ಲಿ ತೀರ್ಪು ಬಂತು. ದುಡಿಮೆಯ ನಷ್ಟ ಶೇ. 20 ಎಂದು ಹಿಡಿದರು. ಸುಪ್ರೀಂ ಕೋರ್ಟಿನ ಸರಳಾ ವರ್ಮಾ ಪ್ರಕರಣದ ಪಟ್ಟಿಯಂತೆ 36ರಿಂದ 40 ವಯಸ್ಸಿನವರಿಗೆ ಗುಣಕ (ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆ) 15, ನನಗಾಗ 38. ಹದಿನಾರು ಸಾವಿರವನ್ನು ಹನ್ನೆರಡರಿಂದ, ಮತ್ತೆ ಹದಿನೈದರಿಂದ ಗುಣಿಸಿ ಅದರ ಶೇ. 20 ಲೆಕ್ಕ ಹಾಕಿದರೆ 5,76,000 ರೂಪಾಯಿ. ಆಸ್ಪತ್ರೆ ಖರ್ಚು, ನೋವು, ಮಲಗಿದ್ದ ಐದು ತಿಂಗಳ ಸಂಬಳ, ಮುಂದೆ ಕಾಲೊಳಗಿನ ರಾಡ್ ತೆಗೆಸುವ ಖರ್ಚು ಎಲ್ಲ ಸೇರಿ ಒಟ್ಟು 10,50,360 ರೂಪಾಯಿ, ಅರ್ಜಿಯ ದಿನದಿಂದ ಶೇ. 6 ಬಡ್ಡಿ, ರಾಡ್ ತೆಗೆಸುವ ಖರ್ಚಿಗೆ ಮಾತ್ರ ಬಡ್ಡಿಯಿಲ್ಲ. ನಾವು ಸಂತೋಷಪಟ್ಟೆವು, ವಕೀಲರು ಪಡಲಿಲ್ಲ. ನಲವತ್ತರೊಳಗಿನ, ಕಾಯಂ ನೌಕರಿಯಿಲ್ಲದವರ ಆದಾಯಕ್ಕೆ ಭವಿಷ್ಯದ ಹೆಚ್ಚಳವೆಂದು ಶೇ. 40 ಸೇರಿಸಬೇಕೆಂದು 2017ರ ಪ್ರಣಯ್ ಸೇಥಿ ತೀರ್ಪಿನಲ್ಲಿದೆ. ಗಾಯದ ಪ್ರಕರಣಗಳಿಗೂ ಅದು ಅನ್ವಯಿಸುತ್ತದೆಂದು ಕರ್ನಾಟಕದಿಂದಲೇ ಹೋದ ಸಿದ್ರಾಮ್ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ತೀರ್ಪಿನಲ್ಲಿ ಅದು ಬಿಟ್ಟುಹೋಗಿತ್ತು. ತೊಂಬತ್ತು ದಿನಗಳ ಒಳಗೆ ಧಾರವಾಡ ಪೀಠಕ್ಕೆ ಮೇಲ್ಮನವಿ ಹೋಯಿತು. ಅಲ್ಲಿಗೆ ನಾನು ಒಮ್ಮೆ ಮಾತ್ರ, ಅದೂ ನೋಡುವ ಆಸೆಯಿಂದ ಹೋಗಿದ್ದೆ. ನಮ್ಮ ಸರದಿ ಆರು ನಿಮಿಷದಲ್ಲಿ ಮುಗಿಯಿತು. ವರ್ಷದ ಕೊನೆಯಲ್ಲಿ 2,30,400 ರೂಪಾಯಿ ಹೆಚ್ಚಿಸಿ ಆದೇಶವಾಯಿತು.

ಆದೇಶವಾದ ದಿನ ಹಣ ಬಂದಂತಲ್ಲ. ಕಂಪನಿ ನ್ಯಾಯಮಂಡಳಿಯಲ್ಲಿ ಠೇವಣಿ ಇಡಬೇಕು, ನಾವು ಬಿಡುಗಡೆಗೆ ಅರ್ಜಿ ಹಾಕಬೇಕು, ಒಂದು ಭಾಗ ಮೂರು ವರ್ಷ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಉಳಿಯುತ್ತದೆ. ಪ್ಯಾನ್ ಕಾರ್ಡ್ ಮೊದಲೇ ಮಾಡಿಸಿಡಿ. ಬಡ್ಡಿಯ ಮೊತ್ತ ವರ್ಷಕ್ಕೆ ಐವತ್ತು ಸಾವಿರ ದಾಟಿದರೆ 2026ರ ಮಾರ್ಚ್ ತಿಂಗಳವರೆಗೆ ಮೂಲದಲ್ಲೇ ತೆರಿಗೆ ಕಡಿತವಾಗುತ್ತಿತ್ತು. ನನ್ನದು ಇನ್ನೂ ಮೂರು ವಾರ ನಿಂತಿತು, ಏಕೆಂದರೆ ಹೈಕೋರ್ಟಿನ ಆದೇಶದ ಪ್ರತಿಯಲ್ಲಿ ನನ್ನ ಹೆಸರು ಮತ್ತೆ ‘ಪ್ಪ’ ಕಳೆದುಕೊಂಡಿತ್ತು. ಶುಲ್ಕ, ವೈದ್ಯರ ಸಾಕ್ಷ್ಯ, ದೃಢೀಕೃತ ನಕಲು, ಓಡಾಟ ಎಲ್ಲ ಸೇರಿ ನಮಗಾದ ಖರ್ಚು ಎಪ್ಪತ್ತೆರಡು ಸಾವಿರ ರೂಪಾಯಿ. ಬಳೆ ಬಿಡಿಸಿಕೊಂಡೆವು. ಅಣ್ಣಿಗೇರಿ ಅಣ್ಣ ಊಟಕ್ಕೆ ಬಂದಿದ್ದರು, ಬರಿಗೈಯಲ್ಲಿ ಬರಬಾರದೆಂದು ಒಂದು ಚೀಲ ಕಡಲೆ ತಂದಿದ್ದರು.

ಕಳೆದ ವಾರ ರಾಡ್ ತೆಗೆಸಲು ಹುಬ್ಬಳ್ಳಿಗೆ ಹೋದೆ. ಚೀಟಿ ಬರೆಯುವ ಹುಡುಗಿ ತಲೆಯೆತ್ತದೆ, “ಕಾಲಿಗೆ ಏನಾಗಿತ್ರಿ?” ಎಂದು ಕೇಳಿದಳು. ನಾನು ವಾಹನದ ಬಗೆ, ದಿನಾಂಕ, ಹೊತ್ತು, ಸ್ಥಳ ಎಲ್ಲವನ್ನೂ ಹೇಳತೊಡಗಿದೆ. ಅವಳು ಪೆನ್ನು ಕೆಳಗಿಟ್ಟು ನನ್ನ ಹೆಂಡತಿಯ ಮುಖ ನೋಡಿದಳು.